ದಿನಕ್ಕೆ 18 ವಾಕ್ಯ, ಒಟ್ಟು 33 ದಿನ: ಮಂಗಳೂರಿನ ಒಂದು ಮ್ಯಾನಿಫೆಸ್ಟೇಷನ್ ಶಿಬಿರ

ಹಂಪನಕಟ್ಟೆಯಿಂದ ಕೂಗಳತೆಯ ದೂರದ ಹೋಟೆಲೊಂದರ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಡೆದ ಮ್ಯಾನಿಫೆಸ್ಟೇಷನ್ ಶಿಬಿರಕ್ಕೆ 4,500 ರೂಪಾಯಿ ತೆತ್ತು ಹೋಗಿ ಬಂದೆ. ಕೇಳಿದ್ದನ್ನು ವಿಶ್ವವು ಕೊಟ್ಟೇ ಕೊಡುತ್ತದೆ, ಕೇಳುವ ಕ್ರಮ ಮಾತ್ರ ತಿಳಿದಿರಬೇಕು ಎಂಬುದು ಅವರ ಜಾಹೀರಾತಿನ ಸಾರ. ಮೂರು ದಶಕಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತ ಕೂದಲು ಬೆಳ್ಳಗಾದವನಿಗೆ, ಜಾಮೀನಿಲ್ಲದೆ ಇಷ್ಟೊಂದು ಧಾರಾಳವಾಗಿ ಕೊಡುವ ಸಂಸ್ಥೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕೆನ್ನಿಸಿದ್ದು ಸಹಜ. ಶಿಬಿರ ನಡೆಸಿದವರ ಹೆಸರನ್ನು ಹೇಳುವುದಿಲ್ಲ. ಇಂಥವು ಈಗ ಊರೂರಿನಲ್ಲಿ ನಡೆಯುತ್ತಿರುವುದರಿಂದ ಒಬ್ಬರನ್ನೇ ಎತ್ತಿ ಆಡುವುದು ನ್ಯಾಯವೂ ಅಲ್ಲ.

ಕುತೂಹಲದ ಜೊತೆಗೆ ನನಗೊಂದು ಸ್ವಂತ ಕಾರ್ಯವೂ ಇತ್ತು. ಮೂಡುಬಿದಿರೆ ರಸ್ತೆಯಲ್ಲಿ, ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿರುವ ನನ್ನ ಎಂಟು ಸೆಂಟ್ಸ್ ನಿವೇಶನ ಎರಡು ವರ್ಷಗಳಿಂದ ಮಾರಾಟಕ್ಕಿದ್ದು, ನೋಡಲು ಬಂದವರೆಲ್ಲ ಬಾವಿಯ ನೀರಿನ ರುಚಿ ನೋಡಿ, ಮಾವಿನ ಮರದ ನೆರಳನ್ನು ಹೊಗಳಿ, ‘ಮನೆಯಲ್ಲಿ ಕೇಳಿ ಹೇಳುತ್ತೇವೆ’ ಎಂದು ಹೋದವರು ಮತ್ತೆ ತಿರುಗಿ ನೋಡಿರಲಿಲ್ಲ. ಶಿಬಿರಕ್ಕೆ ಹೋಗುವಂತೆ ಒತ್ತಾಯಿಸಿದ ತಂಗಿಯ ಮಗಳು, ‘ಮಾವ, ಸೈಟು ಮಾರಿದರೆ ಫೀಸು ಬಂದ ಹಾಗೇ ಆಯಿತಲ್ಲ’ ಎಂದಾಗ ಅವಳ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ.

ಮೊದಲು ವ್ಯವಸ್ಥೆಯ ಮಾತು. ಸುಮಾರು ಅರವತ್ತು ಜನರಿಗೆ ಆಸನಗಳು ಸಾಕಷ್ಟಿದ್ದವು, ಧ್ವನಿವರ್ಧಕ ಕಿವಿಗೆ ಹಿತವಾಗಿತ್ತು, ಎ.ಸಿ. ಮಾತ್ರ ಮೇ ತಿಂಗಳ ಸೆಕೆಯ ಮೇಲೆ ಸೇಡು ತೀರಿಸಿಕೊಳ್ಳುವಂತೆ ಕೊರೆಯುತ್ತಿತ್ತು. ಬೆಳಗಿನ ಉಪಾಹಾರಕ್ಕೆ ಕೊಟ್ಟ ಬನ್ಸ್, ಅದರ ಬಾಳೆಹಣ್ಣು ಚೆನ್ನಾಗಿ ಕಳಿತಿದ್ದರಿಂದ, ಒಳಗೆ ಮೃದುವಾಗಿ, ಜೀರಿಗೆಯ ಘಮದೊಂದಿಗೆ, ಎಣ್ಣೆ ಕುಡಿಯದೆ ಉಬ್ಬಿತ್ತು. ಮಧ್ಯಾಹ್ನದ ಊಟದ ಪತ್ರೊಡೆಯನ್ನು ನಾನು ಎರಡು ಬಾರಿ ಕೇಳಿ ಹಾಕಿಸಿಕೊಂಡೆ. ಕೇಳಿದ್ದು ಕೇಳಿದ ಕೂಡಲೇ ದೊರೆತದ್ದು ಆ ದಿನ ಅದೊಂದೇ. ಎಲ್ಲರಿಗೂ ಗಟ್ಟಿ ಹೊದಿಕೆಯ ಒಂದು ನೋಟ್‌ಪುಸ್ತಕವನ್ನೂ ಒಂದು ಪೆನ್ನನ್ನೂ ಕೊಟ್ಟರು. ಪುಸ್ತಕದ ಕಾಗದ ಒಳ್ಳೆಯದು, ಶಾಯಿ ಹಿಂದಿನ ಪುಟಕ್ಕೆ ಇಳಿಯುವುದಿಲ್ಲ.

ಬೋಧಕರು ಮೂವತ್ತೈದರ ಆಸುಪಾಸಿನ, ಮಾತುಬಲ್ಲ, ನಗುಮುಖದ ವ್ಯಕ್ತಿ. ಪ್ರತಿಯೊಂದು ಆಲೋಚನೆಗೂ ಒಂದು ಕಂಪನವಿದೆ, ಅದೇ ಕಂಪನದ ವಸ್ತುವನ್ನು ಅದು ಸೆಳೆಯುತ್ತದೆ ಎಂಬ ‘ಆಕರ್ಷಣೆಯ ನಿಯಮ’ವನ್ನು ವಿವರಿಸುತ್ತ ಅವರು ‘ಯದ್ಭಾವಂ ತದ್ಭವತಿ’ಯನ್ನೂ ‘ಮನದಂತೆ ಮಹಾದೇವ’ನನ್ನೂ ಮುಸ್ಸಂಜೆಯ ಅಸ್ತು ದೇವತೆಗಳನ್ನೂ ಕ್ವಾಂಟಮ್ ಭೌತಶಾಸ್ತ್ರವನ್ನೂ ಒಂದೇ ಉಸಿರಿನಲ್ಲಿ ಪೋಣಿಸಿದರು. ಅಸ್ತು ದೇವತೆಗಳ ವಿಷಯ ನನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದೇ. ಆದರೆ ದೀಪ ಹಚ್ಚುವ ಹೊತ್ತಿನಲ್ಲಿ ಕೆಟ್ಟ ಮಾತಾಡಬೇಡ, ‘ಅಸ್ತು’ ಎಂದುಬಿಟ್ಟಾರು ಎಂಬುದು ಅವಳು ನಾಲಿಗೆಗೆ ಹಾಕಿದ ಕಡಿವಾಣವಾಗಿತ್ತು, ಬೇಡಿಕೆಯ ಪಟ್ಟಿ ಸಲ್ಲಿಸುವ ಕೌಂಟರ್ ಆಗಿರಲಿಲ್ಲ. ಮಿದುಳಿನ ತರಂಗಗಳು ವಿಶ್ವಕ್ಕೆ ತಲುಪುತ್ತವೆ ಎಂಬ ಮಾತಿಗೂ ಆಧಾರವಿಲ್ಲ. ಆ ವಿದ್ಯುತ್ ಸಂಕೇತಗಳು ಮೈಕ್ರೋವೋಲ್ಟುಗಳಲ್ಲಿ ಅಳೆಯುವಷ್ಟು ಕ್ಷೀಣವಾಗಿದ್ದು, ಇ.ಇ.ಜಿ. ಪರೀಕ್ಷೆಯಲ್ಲಿ ಅವುಗಳನ್ನು ಹಿಡಿಯಲು ತಲೆಯ ಚರ್ಮಕ್ಕೆ ಜೆಲ್ ಸವರಿ ವಿದ್ಯುದ್ವಾರಗಳನ್ನು ಅಂಟಿಸಬೇಕಾಗುತ್ತದೆ.

ಸಾವಿರಾರು ವರ್ಷಗಳ ಪುರಾತನ ರಹಸ್ಯವೆಂದು ಅವರು ಹೇಳಿದ್ದಕ್ಕೂ ದಾಖಲೆ ಬೇರೆಯೇ ಇದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ, ರೋಗವು ತಪ್ಪು ನಂಬಿಕೆಯಿಂದ ಹುಟ್ಟುತ್ತದೆ ಎಂದು ಸಾರಿದ ಫಿನಿಯಸ್ ಕ್ವಿಂಬಿಯಂಥವರಿಂದ ಬೆಳೆದ ‘ನ್ಯೂ ಥಾಟ್’ ಎಂಬ ಪಂಥದ ಮೊಮ್ಮಗು ಇದು. ವಿಲಿಯಂ ವಾಕರ್ ಆಟ್ಕಿನ್ಸನ್ ಎಂಬ ವಕೀಲ ‘ಆಕರ್ಷಣೆಯ ನಿಯಮ’ ಎಂಬ ಪದವನ್ನು ಶೀರ್ಷಿಕೆಯಲ್ಲೇ ಇಟ್ಟು 1906ರಲ್ಲಿ ಷಿಕಾಗೋದಿಂದ ಒಂದು ಪುಸ್ತಕ ಪ್ರಕಟಿಸಿದ. ಯೋಗಿ ರಾಮಚಾರಕ ಎಂಬ ಭಾರತೀಯ ಹೆಸರಿನಲ್ಲಿ ಯೋಗದ ಪುಸ್ತಕಗಳನ್ನು ಬರೆದವನೂ ಇವನೇ. ಅದರ ನೂರು ವರ್ಷಗಳ ನಂತರ, 2006ರಲ್ಲಿ, ಒಂದು ಚಲನಚಿತ್ರ ಮತ್ತು ಅದೇ ಹೆಸರಿನ ಪುಸ್ತಕದ ಮೂಲಕ ಈ ಸರಕು ಜಗತ್ತಿನಾದ್ಯಂತ ಮತ್ತೆ ಮಾರಾಟವಾಯಿತು. ನನಗೆ ಸ್ವಾರಸ್ಯವೆನ್ನಿಸಿದ್ದು ಆ 1906. ಅದೇ ವರ್ಷ ಮಂಗಳೂರಿನಲ್ಲಿ ಇನ್ನೊಬ್ಬ ವಕೀಲರು, ಅಮ್ಮೆಂಬಳ ಸುಬ್ಬರಾವ್ ಪೈಗಳು, ಮುಂದೆ ಕೆನರಾ ಬ್ಯಾಂಕ್ ಆದ ಫಂಡನ್ನು ಆರಂಭಿಸಿದರು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಅಡಿಪಾಯ ಹಾಕಿದ್ದೂ ಆ ವರ್ಷವೇ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ತೆರೆದ ಪಿಗ್ಮಿ ಠೇವಣಿಯಲ್ಲಿ, ಏಜೆಂಟನು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಟ್ಟು ಹೋಗುತ್ತಿದ್ದನು. ಮಗಳ ಮದುವೆಗೆ ಚಿನ್ನ, ಮನೆಗೆ ಹಂಚು, ಮಗನ ಕಾಲೇಜು ಫೀಸು ಎಂದು ಈ ಜಿಲ್ಲೆಯ ಜನ ಕಂಡ ಕನಸುಗಳಲ್ಲಿ ಎಷ್ಟೋ ಆ ಪುಟ್ಟ ಪುಸ್ತಕದೊಳಗಿನಿಂದ ಹೊರಬಂದವು. ಬ್ಯಾಂಕಿನವನ ಪಕ್ಷಪಾತವೆಂದು ಓದುಗರು ಇದನ್ನು ಬೇಕಾದರೆ ಬದಿಗಿಡಬಹುದು.

ಮಧ್ಯಾಹ್ನದ ಮುಖ್ಯ ಪಾಠ ‘3-6-9’ ವಿಧಾನ. ತನ್ನ ಬಯಕೆಯನ್ನು ಒಂದು ವಾಕ್ಯವಾಗಿಸಿ, ಬೆಳಿಗ್ಗೆ ಮೂರು ಸಲ, ಮಧ್ಯಾಹ್ನ ಆರು ಸಲ, ರಾತ್ರಿ ಒಂಬತ್ತು ಸಲ ಬರೆಯಬೇಕು. ಹೀಗೆ 33 ದಿನ. ಲೆಕ್ಕ ಹಾಕಿದರೆ 594 ವಾಕ್ಯಗಳು. ಈ ಅಂಕಿಗಳಿಗೆ ನಿಕೋಲಾ ಟೆಸ್ಲಾನ ಹೆಸರನ್ನು ಅಂಟಿಸಿದ್ದರು; ಪರ್ಯಾಯ ವಿದ್ಯುತ್ ಪ್ರವಾಹದಿಂದ ಓಡುವ ಮೋಟರನ್ನು ಕಂಡುಹಿಡಿದ ಆ ಮನುಷ್ಯ ಅದನ್ನು ಬರಿದೇ ಬರೆದು ಪಡೆಯಲಿಲ್ಲ ಎಂಬುದಷ್ಟೇ ನನ್ನ ತಕರಾರು. ಆದರೆ ನಿಜವಾದ ಸ್ವಾರಸ್ಯ ಇದ್ದದ್ದು ವ್ಯಾಕರಣದಲ್ಲಿ. ವಾಕ್ಯದಲ್ಲಿ ‘ಲಿ’ ಬರಕೂಡದು ಎಂದರು ಬೋಧಕರು. ‘ಸೈಟು ಮಾರಾಟವಾಗಲಿ’ ಎಂದು ಬರೆದರೆ ಅದಿನ್ನೂ ಆಗಿಲ್ಲವೆಂದು ಒಪ್ಪಿಕೊಂಡಂತೆ, ವಿಶ್ವವು ಆ ಕೊರತೆಯನ್ನೇ ಹಿಂದಿರುಗಿಸುತ್ತದೆ. ಆದ್ದರಿಂದ ‘ಸೈಟು ಮಾರಾಟವಾಗಿದೆ’ ಎಂದೇ ಬರೆಯಬೇಕು.

ಕನ್ನಡದಲ್ಲಿ ಹಾರೈಕೆಯೆಂಬುದು ಬದುಕಿರುವುದೇ ಈ ‘ಲಿ’ಯ ಮೇಲೆ. ಒಳ್ಳೆಯದಾಗಲಿ, ಚೆನ್ನಾಗಿರಲಿ, ಮಳೆ ಬರಲಿ, ಕೈಗೆ ಹತ್ತಲಿ ಎಂದು ಹೇಳುವಾಗ ನಮ್ಮಲ್ಲಿ ಇಲ್ಲದ್ದು ಇಲ್ಲವೆಂದು ತಲೆಬಾಗಿ ಒಪ್ಪಿಕೊಳ್ಳುತ್ತೇವೆ, ಕೊಡುವವರು ಯಾರೋ ಇದ್ದಾರೆಂದು ನಂಬುತ್ತೇವೆ, ಕೊಡದಿರುವ ಸ್ವಾತಂತ್ರ್ಯವನ್ನು ಅವರಿಗೆ ಬಿಡುತ್ತೇವೆ. ‘ಮಾರಾಟವಾಗಿದೆ’ ಎಂಬುದರಲ್ಲಿ ಬೇಡಿಕೆಯೇ ಇಲ್ಲ. ಸಾಲದ ಅರ್ಜಿಯಲ್ಲಿ ಹಾಗೆ ಬರೆದಿದ್ದರೆ ನಾವು ಅದನ್ನು ಸುಳ್ಳು ಘೋಷಣೆ ಎನ್ನುತ್ತಿದ್ದೆವು.

ನನ್ನ ಪಕ್ಕದಲ್ಲಿ ಕುಳಿತಿದ್ದ, ಐವತ್ತರ ಸಮೀಪದ ಹೆಂಗಸಿಗೂ ಈ ತಿದ್ದುಪಡಿ ಒಗ್ಗಿರಲಿಲ್ಲ. ‘ನನ್ನ ಮಗನಿಗೆ ಕೆನಡಾದ ವೀಸಾ’ ಎಂಬಲ್ಲಿಯವರೆಗೆ ದುಂಡಗೆ ಬರೆದು, ರೂಢಿಯಂತೆ ‘ಬರಲಿ’ ಎಂದು ಸೇರಿಸಿ, ಕೂಡಲೇ ನಾಲಿಗೆ ಕಚ್ಚಿಕೊಂಡು ಅದರ ಮೇಲೊಂದು ಗೆರೆ ಎಳೆದು ‘ಬಂದಿದೆ’ ಎಂದು ತಿದ್ದುತ್ತಿದ್ದರು. ಒಂಬತ್ತು ಸಾಲುಗಳಲ್ಲಿ ಏಳು ಸಾಲಿಗೆ ಆ ಗೆರೆಯಿತ್ತು. ಪ್ರತಿ ಗೆರೆಯನ್ನೂ ಪೆನ್ನು ಒತ್ತಿ ಎಳೆದಿದ್ದರಿಂದ ಕೆಳಗಿನ ಹಾಳೆಯಲ್ಲಿ ಅಚ್ಚು ಮೂಡಿತ್ತು. ಚಹಾದ ಬಿಡುವಿನಲ್ಲಿ ಅವರು ಮೆಲ್ಲಗೆ, ‘ನೀವು ಬ್ಯಾಂಕಿನವರಂತೆ, ಲೋನ್ ಮಂಜೂರಾದ ಪತ್ರವನ್ನು ವೀಸಾ ಅರ್ಜಿಯ ಜೊತೆ ಇಡಬೇಕೋ?’ ಎಂದು ಕೇಳಿದರು. ಹಣದ ಮೂಲವನ್ನು ತೋರಿಸಲು ಅದು ಉಪಯೋಗಕ್ಕೆ ಬರುತ್ತದೆ, ಬ್ಯಾಂಕಿನಲ್ಲಿ ಕೇಳಿ ಪಡೆಯಿರಿ ಎಂದು ನಾಲ್ಕು ನಿಮಿಷ ವಿವರಿಸಿದೆ. ಅದನ್ನು ಅವರು ಅದೇ ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡರು, ಒಂದೂ ಕಾಟು ಹೊಡೆಯದೆ.

ಶಿಬಿರದ ಬಗ್ಗೆ ನನಗಿರುವ ಗಂಭೀರ ಆಕ್ಷೇಪವು ಅದರ ಷರತ್ತಿನ ಬಗ್ಗೆ. ಬಯಸಿದ್ದು ಬಾರದಿದ್ದರೆ ಏನು ಎಂದು ಒಬ್ಬ ಯುವಕ ಕೇಳಿದಾಗ, ನಿಮ್ಮೊಳಗೆ ಎಲ್ಲೋ ಸಂಶಯ ಉಳಿದಿತ್ತು, ನಿಮ್ಮ ಕಂಪನ ಸರಿಯಿರಲಿಲ್ಲ ಎಂಬ ಉತ್ತರ ಬಂತು. ಬಂದರೆ ವಿಧಾನದ ಹೆಗ್ಗಳಿಕೆ, ಬಾರದಿದ್ದರೆ ಗಿರಾಕಿಯ ದೋಷ. ಇಂಥ ವಾರಂಟಿಯನ್ನು ಮಿಕ್ಸಿಯ ಅಂಗಡಿಯವನು ಕೊಟ್ಟರೆ ನಾವು ಸುಮ್ಮನಿರುತ್ತೇವೆಯೇ? ಮುಂದುವರಿದು ಅವರು, ನೀವು ಆಕರ್ಷಿಸದ ಯಾವುದೂ ನಿಮ್ಮ ಜೀವನದಲ್ಲಿ ನಡೆಯುವುದಿಲ್ಲ ಎಂದರು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡ ಊರಿನಲ್ಲಿ ನಿಂತು ಈ ಮಾತನ್ನು ಹೇಳುವಾಗ ಅವರ ಮುಖದ ನಗು ಹಾಗೆಯೇ ಇತ್ತು. ಎದ್ದು ಕೇಳಬೇಕೆನ್ನಿಸಿತು. ಆ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ತಮ್ಮ ಮನೆಯವರಿಗಾಗಿ ಕಾಯುತ್ತಿದ್ದವರು ಸಭೆಯಲ್ಲಿ ಇದ್ದರೂ ಇರಬಹುದೆಂದು ತೋರಿ ಸುಮ್ಮನೆ ಕುಳಿತೆ.

ನಮ್ಮ ಜಿಲ್ಲೆಗೆ ಬೇಡುವುದು ಹೊಸದಲ್ಲ. ಆದರೆ ಇಲ್ಲಿ ಪದ್ಧತಿಯೇ ಬೇರೆ. ಕಳೆದುಹೋದ ಬೀಗದ ಕೈಗೂ ಓಡಿಹೋದ ಹಸುವಿಗೂ ಕೊರಗಜ್ಜ ದೈವವನ್ನು ನೆನೆಯುವವರು, ಸಿಕ್ಕಿದ ಮೇಲೆ ಚಕ್ಕುಲಿ, ವೀಳ್ಯ, ಕಳ್ಳು ಒಪ್ಪಿಸುತ್ತಾರೆ. ಉಜಿರೆಯ ಸಮೀಪದ ಸುರ್ಯದ ದೇವಸ್ಥಾನದಲ್ಲಿ ಮನೆ ಬೇಕೆಂದವರು ಮಣ್ಣಿನ ಮನೆಯನ್ನು, ಮಗು ಬೇಕೆಂದವರು ಮಣ್ಣಿನ ಮಗುವನ್ನು ಹರಕೆಯಾಗಿ ಸಲ್ಲಿಸುತ್ತಾರೆ. ಮರಗಳ ಕೆಳಗೆ ರಾಶಿ ಬಿದ್ದು ಮಳೆಗೆ ಕರಗುತ್ತಿರುವ ಆ ಗೊಂಬೆಗಳ ನಡುವೆ ಈಗೀಗ ಕಾರು, ಕಂಪ್ಯೂಟರುಗಳೂ ಕಾಣುತ್ತವೆ. ಗುಡಿಯಿಲ್ಲದೆ ಬಯಲಿನಲ್ಲೇ ಕುಳಿತಿರುವ ಸೌತಡ್ಕದ ಗಣಪತಿಯ ಸುತ್ತ ಗಂಟೆಗಳು ತೂಗುತ್ತವೆ. ಕಟೀಲಿನ ಯಕ್ಷಗಾನ ಮೇಳದ ಹರಕೆಯಾಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ, ಬಿಕರ್ನಕಟ್ಟೆಯ ಬಾಲ ಯೇಸುವಿನ ಮುಂದೆ ಬೇರೆ ಬೇರೆ ಮತದವರು ಮೇಣದ ಬತ್ತಿ ಹಚ್ಚುತ್ತಾರೆ. ಬೇಡಿದ್ದು ಬಾರದಿದ್ದಾಗ ‘ದೇವರಿಗೆ ಮನಸ್ಸಾಗಲಿಲ್ಲ’ ಎನ್ನುವ ಅವಕಾಶ ಇಲ್ಲೆಲ್ಲ ಇದೆ, ಬೇಡಿದವನ ಕಂಪನವನ್ನು ಯಾರೂ ಪರೀಕ್ಷಿಸುವುದಿಲ್ಲ. ಹರಕೆಯ ದುಡ್ಡಿನ ದುರುಪಯೋಗವೂ ನಡೆಯುತ್ತದೆ ಎಂಬುದನ್ನು ಬಲ್ಲೆ. ಆದರೂ ಮುಂಗಡವಾಗಿ 4,500 ರೂಪಾಯಿಯನ್ನು ಕೊರಗಜ್ಜ ಕೇಳಿದ್ದನ್ನು ನಾನು ಕಂಡಿಲ್ಲ.

ಶಿಬಿರದಿಂದ ಪ್ರಯೋಜನವೇ ಇಲ್ಲವೆಂದರೆ ತಪ್ಪಾದೀತು. ಏನು ಬೇಕೆಂಬುದನ್ನು ಒಂದೇ ವಾಕ್ಯಕ್ಕಿಳಿಸುವ ಅಭ್ಯಾಸ ಒಳ್ಳೆಯದು. ನನಗೆ ಸೈಟು ಮಾರುವ ಆತುರ ಎಷ್ಟಿದೆ, ಎಷ್ಟಕ್ಕೆ ಇಳಿಯಬಲ್ಲೆ ಎಂಬುದು ಮೊದಲ ವಾರದಲ್ಲೇ ಸ್ಪಷ್ಟವಾಯಿತು. ಆದರೆ ಆದದ್ದೆಂದೇ ಭಾವಿಸಿ ಸುಖಿಸುವುದಕ್ಕೆ ಬೆಲೆ ತೆರಬೇಕಾಗುತ್ತದೆ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ ಸ್ತ್ರೀಯರ ಬಗ್ಗೆ ಮನೋವಿಜ್ಞಾನಿ ಗೇಬ್ರಿಯಲ್ ಓಟಿಂಗನ್ ಸಹೋದ್ಯೋಗಿಯೊಡನೆ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಳಿಸಬಲ್ಲೆನೆಂಬ ಭರವಸೆಯಿದ್ದವರು ಹೆಚ್ಚು ತೂಕ ಇಳಿಸಿದ್ದರು. ಸಣ್ಣಗಾಗಿಬಿಟ್ಟಂತೆ ಸೊಗಸಾದ ಹಗಲುಗನಸು ಕಾಣುತ್ತಿದ್ದವರು ಕಡಿಮೆ ಇಳಿಸಿದ್ದರು. ಕನಸಿಗೆ ಎದುರಾಗಿ ಅಡ್ಡಿಯನ್ನೂ ನೆನೆಯಬೇಕು ಎಂಬುದು ಆ ವಿದುಷಿಯ ಮುಂದಿನ ಸಂಶೋಧನೆಯ ಹುರುಳು.

ನನ್ನ ಅಡ್ಡಿ ಹದಿಮೂರನೆಯ ದಿನ ತಾನಾಗಿ ಮುಂದೆ ಬಂದು ನಿಂತಿತು. ಮಧ್ಯಾಹ್ನದ ಆರು ವಾಕ್ಯಗಳ ನಾಲ್ಕನೆಯದನ್ನು ಬರೆಯುತ್ತಿದ್ದಾಗ ದಲ್ಲಾಳಿ ಕರೆಮಾಡಿ, ‘ಸರ್, ಪಾರ್ಟಿ ಉಂಟು, ನಿಮ್ಮಲ್ಲಿ ನೈನ್ ಇಲೆವನ್ ಉಂಟಾ?’ ಎಂದು ಕೇಳಿದ. ಪಂಚಾಯತ್ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಇಲ್ಲದೆ ಖರೀದಿದಾರನಿಗೆ ಬ್ಯಾಂಕ್ ಸಾಲವಾಗಲಿ ನೋಂದಣಿಯಾಗಲಿ ಸುಲಭವಲ್ಲ ಎಂಬುದನ್ನು ಬೇರೆಯವರಿಗೆ ಬೋಧಿಸುತ್ತ ಬಂದ ನಾನು, ಸ್ವಂತ ಸೈಟಿನ ಕಾಗದವನ್ನು ಪಂಚಾಯತ್ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿಗೆ ಏರಿಸದೆ ಬಿಟ್ಟಿದ್ದೆ. 3-6-9ನ್ನು ಅಲ್ಲಿಗೇ ನಿಲ್ಲಿಸಿ 9-11ರ ಹಿಂದೆ ಬಿದ್ದೆ. ಪಂಚಾಯತ್ ಕಚೇರಿಗೆ ಐದು ಬಾರಿ ಹೋಗಿ ಬಂದ ಮೇಲೆ ಕಾಗದ ಕೈಸೇರಿತು. ಈಗ ಪಾರ್ಟಿಯಿಂದ ಮುಂಗಡ ಬಂದಿದೆ, ನೋಂದಣಿ ಬಾಕಿಯಿದೆ. ದಲ್ಲಾಳಿಗೆ ಸಲ್ಲಬೇಕಾದ ಎರಡು ಪ್ರತಿಶತವನ್ನು ನೋಂದಣಿಯಾದ ದಿನ ಕೊಡುವುದೆಂದು ಮಾತಾಗಿದೆ.

ಆದ್ದರಿಂದ ಶುಲ್ಕಕ್ಕೆ ತಕ್ಕ ಬೆಲೆಯೇ ಎಂದು ಕೇಳಿದರೆ, ಊಟ ಮತ್ತು ನೋಟ್‌ಪುಸ್ತಕಕ್ಕೆ ಆರುನೂರು ರೂಪಾಯಿ, ವಾಕ್ಯ ಬರೆಯುವ ಅಭ್ಯಾಸಕ್ಕೆ ಇನ್ನೊಂದು ನಾನೂರು ಕೊಡಬಹುದು ಎನ್ನುತ್ತೇನೆ. ಕಾಯಿಲೆಯಲ್ಲಿರುವವರು, ಸಾಲದಲ್ಲಿರುವವರು, ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡವರು ಖಂಡಿತ ಹೋಗಬಾರದು.

ಕಳೆದ ವಾರ ಶಿಬಿರದ ಕಡೆಯಿಂದ ಒಬ್ಬ ಹುಡುಗಿ ಕರೆಮಾಡಿ, ನಿಮ್ಮ ಸೈಟು ಹೋಯಿತಂತೆ, ವಿಶ್ವಕ್ಕೆ ಕೃತಜ್ಞತೆ ಸಲ್ಲಿಸಿ ಒಂದು ನಿಮಿಷದ ವೀಡಿಯೋ ಕಳುಹಿಸಿ ಎಂದು ಕೇಳಿದಳು. ತಂಗಿಯ ಮಗಳ ಬಾಯಿ ಎಷ್ಟು ದೊಡ್ಡದೆಂದು ಆಗ ತಿಳಿಯಿತು. ಮುಂದಿನ ಹಂತದ ಮೂರು ದಿನಗಳ ಶಿಬಿರಕ್ಕೆ 27,000 ರೂಪಾಯಿ, ನಿಮಗೆ ರಿಯಾಯಿತಿ ಇದೆ ಎಂದೂ ಸೇರಿಸಿದಳು. ‘ನೋಡುವಾ’ ಎಂದೆ. ‘ನೋಡುವಾ ಅನ್ನಬಾರದು ಸರ್, ಅದು ಸಂಶಯದ ಮಾತು’ ಎಂದಳು. ಮಾತು ಬೆಳೆಸಲು ಮನಸ್ಸಿಲ್ಲದೆ, ಹೊರಡುವಾಗ ಎಲ್ಲರೂ ಹೇಳುವ ಹಾಗೆ ‘ಆಯಿತಮ್ಮ, ಬರುತ್ತೇನೆ’ ಎಂದು ಫೋನ್ ಇಟ್ಟೆ. ಐದು ನಿಮಿಷದಲ್ಲಿ ಹಣ ಪಾವತಿಯ ಲಿಂಕ್ ಬಂತು, ಆಸನ ಸಂಖ್ಯೆಯ ಸಮೇತ.