ಹಾಸ್ಟೆಲ್, ವೇಗೇ, ಹಳ್ಳಿ ಮನೆ: ಟ್ಯೂಬಿಂಗನ್‌ನಲ್ಲಿ ಒಂದು ವರ್ಷ, ಮೂರು ಸೂರು

ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಗೆ ಒಂದು ವರ್ಷ ಸ್ವಯಂಸೇವಕರಾಗಿ ಹೋಗುವವರಿಗೆ ಉಳಿಯುವ ಜಾಗ ಆರಿಸಿಕೊಳ್ಳುವ ಅವಕಾಶ ಸಿಕ್ಕರೆ, ಕಣ್ಣು ಮುಚ್ಚಿಕೊಂಡು ಯಾವುದಾದರೂ ಮನೆಯವರ ಜೊತೆ ಇರಿ. ಹಳ್ಳಿಯಾದರೂ ಸರಿ, ಬಸ್ಸು ಕಮ್ಮಿ ಇದ್ದರೂ ಸರಿ.

ನಾನು ಧಾರವಾಡದಿಂದ ಹೋದದ್ದು 2024ರ ಸೆಪ್ಟೆಂಬರ್‌ನಲ್ಲಿ. ಟ್ಯೂಬಿಂಗನ್ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ಹನ್ನೆರಡು ತಿಂಗಳು ಕೆಲಸ ಮಾಡಿದೆ. ಈ ಯೋಜನೆಯ ಹೆಸರು ಬುಂಡೆಸ್‌ಫ್ರೈವಿಲಿಗೆನ್‌ಡೀನ್ಸ್ಟ್. ಹಿಂದೆ ಸೈನ್ಯಕ್ಕೆ ಬರಲ್ಲ ಎಂದ ಹುಡುಗರು ಅದರ ಬದಲು ಇಂಥ ಆಶ್ರಮ, ಆಸ್ಪತ್ರೆಗಳಲ್ಲಿ ದುಡಿಯಬೇಕಿತ್ತು. 2011ರಲ್ಲಿ ಕಡ್ಡಾಯ ಸೈನ್ಯ ಸೇವೆ ನಿಂತಾಗ ಅದರ ಜಾಗಕ್ಕೆ ಇದು ಬಂತು. ನಮ್ಮ ಆಶ್ರಮದ ಒಬ್ಬ ಅಜ್ಜ ಆಗಲೂ ನನ್ನನ್ನು ಹಳೇ ಹೆಸರಿನಿಂದ 'ತ್ಸಿವಿ' ಎಂದೇ ಕರೆಯುತ್ತಿದ್ದರು.

ಮೊದಲ ನಾಲ್ಕು ತಿಂಗಳು ಆಶ್ರಮದ ಸಿಬ್ಬಂದಿ ಹಾಸ್ಟೆಲ್‌ನಲ್ಲಿದ್ದೆ. ಜನವರಿ, ಫೆಬ್ರವರಿ ಎರಡು ತಿಂಗಳು ಪೇಟೆಯಲ್ಲಿ ಒಂದು ವೇಗೇ, ಅಂದರೆ ನಾಲ್ಕೈದು ಜನ ಬಾಡಿಗೆ ಹಂಚಿಕೊಂಡು ಇರುವ ಮನೆ. ಮಾರ್ಚ್‌ನಿಂದ ಕೊನೆವರೆಗೆ ಬಸ್ಸಿನಲ್ಲಿ 25 ನಿಮಿಷ ದೂರದ ಹಳ್ಳಿಯಲ್ಲಿ ಒಂದು ಕುಟುಂಬದ ಜೊತೆ.

ಹಾಸ್ಟೆಲ್ ಬಗ್ಗೆ ದೂರುವುದಕ್ಕೆ ಜಾಸ್ತಿ ಏನೂ ಇಲ್ಲ. ಕೆಲಸಕ್ಕೆ ಮೂರು ನಿಮಿಷದ ನಡಿಗೆ. ಬೆಳಗಿನ ಪಾಳಿ ಆರೂವರೆಗೆ ಶುರುವಾದರೆ ಆರು ಗಂಟೆಗೆ ಎದ್ದರೂ ಸಾಕು. ಬಾಡಿಗೆ ಇಲ್ಲ. ಆದರೆ ಸಂಜೆ ಐದರ ನಂತರ ಒಂದು ನರಪಿಳ್ಳೆ ಮಾತಿಗೆ ಸಿಗುವುದಿಲ್ಲ. ಪಕ್ಕದ ರೂಮಿನವರಿಗೆ ರಾತ್ರಿ ಪಾಳಿ, ಅವರು ಹಗಲೆಲ್ಲಾ ನಿದ್ದೆ. ಸಿಕ್ಕ ಇಬ್ಬರು ಮೂವರೂ ನನ್ನ ಹಾಗೇ ಹೊರದೇಶದವರು, ಮಾತೆಲ್ಲಾ ಇಂಗ್ಲಿಷ್. ನಾಲ್ಕು ತಿಂಗಳಲ್ಲಿ ನನ್ನ ಜರ್ಮನ್ ಒಂದು ಗೇಣೂ ಮುಂದೆ ಹೋಗಲಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲಾ ಕತ್ತಲು. ಕ್ರಿಸ್‌ಮಸ್ ಹಿಂದಿನ ದಿನ ಮಧ್ಯಾಹ್ನದಿಂದ ಎರಡೂವರೆ ದಿನ ಊರೆಲ್ಲಾ ಬಾಗಿಲು ಹಾಕಿಕೊಂಡಿತ್ತು. ಆವತ್ತು ರೂಮಿನಲ್ಲಿ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು ಕೂತಾಗಲೇ ಇಲ್ಲಿಂದ ಹೊರಡಬೇಕು ಎಂದು ತೀರ್ಮಾನಿಸಿದೆ.

ಅವಸರದಲ್ಲಿ ಸಿಕ್ಕಿದ್ದೇ ವೇಗೇ. ನೆಕಾರ್ ಹೊಳೆಗೆ ಹತ್ತು ನಿಮಿಷ, ಜೊತೆಗೆ ನನ್ನ ವಯಸ್ಸಿನ ನಾಲ್ವರು, ದೊಡ್ಡ ಅಡುಗೆಮನೆ. ಬಾಡಿಗೆ 430 ಯೂರೊ. ಯೋಜನೆಯವರು 350 ಕೊಡುತ್ತಿದ್ದರು, ಮೇಲಿನ 80 ನನ್ನ ಕೈಯಿಂದ. ಹುಡುಗ ಹುಡುಗಿಯರು ಒಳ್ಳೆಯವರೇ. ಗುರುವಾರ ಎಲ್ಲರೂ ಸೇರಿ ಅಡುಗೆ ಮಾಡುತ್ತಿದ್ದೆವು. ಚಿತ್ರಾನ್ನ ಮಾಡಿದ ದಿನ ಪಾತ್ರೆ ತೊಳೆಯುವ ಕೆಲಸವೇ ಇರಲಿಲ್ಲ, ಅಷ್ಟು ಬಳಿದು ತಿಂದಿದ್ದರು.

ಎಡವಟ್ಟಾಗಿದ್ದು ಅಂಚೆ ಪೆಟ್ಟಿಗೆಯಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೋಗುವ ಮೊದಲು ನನಗೆ ಯಾರೂ ಹೇಳಿರಲಿಲ್ಲ. ಜರ್ಮನಿಯ ವಿಳಾಸದಲ್ಲಿ ಬೀದಿ ಹೆಸರು, ಕಟ್ಟಡದ ನಂಬರ್ ಅಷ್ಟೇ ಇರುತ್ತದೆ. ಒಂದು ಕಟ್ಟಡದಲ್ಲಿ ಹತ್ತು ಮನೆ ಇದ್ದರೂ ಮನೆ ನಂಬರ್ ಬರೆಯುವ ರೂಢಿ ಇಲ್ಲ. ಅಂಚೆಯವರು ಕೆಳಗಿನ ಪೆಟ್ಟಿಗೆಗಳ ಮೇಲಿನ ಹೆಸರು ಓದುತ್ತಾರೆ, ಅದೇ ಹೆಸರಿನ ಪತ್ರ ಅದರೊಳಗೆ ಹಾಕುತ್ತಾರೆ. ಪೆಟ್ಟಿಗೆ ಮೇಲೆ ನಿಮ್ಮ ಹೆಸರಿಲ್ಲ ಅಂದರೆ ಅವರ ಲೆಕ್ಕದಲ್ಲಿ ನೀವು ಆ ಮನೆಯಲ್ಲೇ ಇಲ್ಲ. ಪತ್ರ ಬಂದ ದಾರಿಯಲ್ಲೇ ವಾಪಸ್. ನಮ್ಮಲ್ಲಿ 'ಸಪ್ತಾಪುರ ಬಾವಿ ಹತ್ರ, ಮಾಸ್ತರ ಮನಿ ಮ್ಯಾಲೆ' ಎಂದು ಬರೆದರೂ ಪತ್ರ ಬಂದು ಮುಟ್ಟುತ್ತದೆ. ಅಂಚೆಯಣ್ಣ ಅಂಗಡಿಯಲ್ಲಿ ಕೇಳುತ್ತಾನೆ, ಎದುರು ಮನೆಯವರಲ್ಲಿ ಕೇಳುತ್ತಾನೆ. ಅಲ್ಲಿ ಕೇಳುವ ಪದ್ಧತಿಯೇ ಇಲ್ಲ.

ನನಗೆ ರೂಮ್ ಕೊಟ್ಟವರು ಆ ಮನೆಯ ಮುಖ್ಯ ಬಾಡಿಗೆದಾರರು. ಒಳಬಾಡಿಗೆ ಕೊಡುವುದಕ್ಕೆ ಮಾಲೀಕರನ್ನು ಅವರು ಕೇಳಿಯೇ ಇರಲಿಲ್ಲ. ಹಾಗಾಗಿ ಪೆಟ್ಟಿಗೆ ಮೇಲೆ ನನ್ನ ಹೆಸರು ಅಂಟಿಸಲು ಬಿಡಲಿಲ್ಲ. 'ಇವತ್ತು ನಾಳೆ' ಎನ್ನುತ್ತಾ ಹೋದರು. ನಾನೇ ಒಂದು ಚೀಟಿಯಲ್ಲಿ ಬರೆದು ಟೇಪ್ ಹಚ್ಚಿದೆ. ಸಂಜೆ ಬರುವಷ್ಟರಲ್ಲಿ ಕಿತ್ತು ಹಾಕಿದ್ದರು. ಟೇಪಿನ ಅಂಚು ಮಾತ್ರ ಪೆಟ್ಟಿಗೆಗೆ ಅಂಟಿಕೊಂಡಿತ್ತು.

ಹೆಸರು ಒಂದು ಕಡೆಯಾದರೆ ಇನ್ನೊಂದು ಕಾಗದದ ಕಥೆ. ಹೊಸ ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ 'ಇವರು ಇಲ್ಲಿ ವಾಸಕ್ಕೆ ಬಂದಿದ್ದಾರೆ' ಎಂದು ಮನೆ ಕೊಟ್ಟವರು ಸಹಿ ಮಾಡಿದ ಕಾಗದ ಬೇಕು. 2015ರ ನವೆಂಬರ್‌ನಿಂದ ಈ ಕಾಗದ ಕಡ್ಡಾಯ. ಅದನ್ನೂ ಅವರು ಕೊಡಲಿಲ್ಲ. ಅಲ್ಲಿನ ಎಲ್ಲಾ ಕೆಲಸಕ್ಕೂ ಈ ನೋಂದಣಿಯೇ ಬುಡ.

ಅದೇ ಸಮಯಕ್ಕೆ ಬ್ಯಾಂಕಿನ ಕಾರ್ಡ್ ಬದಲಾಗಬೇಕಿತ್ತು. ಅಲ್ಲಿ ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದು ಲಕೋಟೆಯಲ್ಲಿ ಬರುತ್ತದೆ. ಎರಡೂ ವಾಪಸ್ ಹೋದವು. ಮೂರು ವಾರ ಗೆಳತಿಯ ಹತ್ತಿರ ಕೈಗಡ ಮಾಡಿ ಬ್ರೆಡ್ಡು, ಹಾಲು ತಂದೆ. ಅದಕ್ಕಿಂತ ದೊಡ್ಡ ಹೊಡೆತ ವೀಸಾ ವಿಷಯದ್ದು. ವಾಸದ ಪರವಾನಗಿಗೆ ಇಂಥ ದಿನ ಬನ್ನಿ ಎಂಬ ಪತ್ರವೂ ನನ್ನ ಕೈ ಸೇರಲಿಲ್ಲ. ಬೇರೆ ಕೆಲಸಕ್ಕೆ ನಮ್ಮ ಯೋಜನೆಯ ಸಂಯೋಜಕರು ವೀಸಾ ಕಚೇರಿಗೆ ಫೋನ್ ಮಾಡಿದಾಗ ದಿನ ತಪ್ಪಿಹೋಗಿದ್ದು ಗೊತ್ತಾಯಿತು. ವೀಸಾ ಮುಗಿಯಲು ಹದಿನಾರು ದಿನ ಉಳಿದಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಏನೂ ಹೇಳದೆ ಸುಮ್ನೆ ಊಟದ ವಿಷಯ ಮಾತಾಡಿ ಇಟ್ಟೆ. ಮಾರನೇ ಬೆಳಿಗ್ಗೆ ಸಂಯೋಜಕರೇ ಜೊತೆಗೆ ಬಂದರು, ಕಚೇರಿಯವರು ಸಮಾಧಾನವಾಗಿ ಕೇಳಿ ಬೇರೆ ದಿನ ಕೊಟ್ಟರು. ಆದರೆ ಒಂದೇ ಮಾತು: ಮೊದಲು ಸರಿಯಾದ ವಿಳಾಸ ತನ್ನಿ.

ವೇಗೇ ಬಿಟ್ಟಿದ್ದು ಅದಕ್ಕೇ.

ಸಂಯೋಜಕರು ಎರಡೇ ದಿನದಲ್ಲಿ ಹಳ್ಳಿಯ ಆ ಮನೆ ಹುಡುಕಿಕೊಟ್ಟರು. ಅರವತ್ತು ದಾಟಿದ ಗಂಡ ಹೆಂಡತಿ, ಮಕ್ಕಳು ಬೇರೆ ಊರಲ್ಲಿ. ಮಾರ್ಚ್ ಒಂದನೇ ತಾರೀಖು ಸೂಟ್‌ಕೇಸ್ ಎಳೆದುಕೊಂಡು ಗೇಟಿನ ಹತ್ತಿರ ಹೋದೆ. ಹಸಿರು ಬಣ್ಣದ ಅಂಚೆ ಪೆಟ್ಟಿಗೆ. ಮೇಲೆ ಅವರ ಹೆಸರು, ಅದರ ಕೆಳಗೆ ನನ್ನ ಪೂರ್ತಿ ಹೆಸರು. ನೀಲಿ ಶಾಯಿಯಲ್ಲಿ, ಒಂದಕ್ಷರ ತಪ್ಪಿಲ್ಲದೆ ದಪ್ಪಕ್ಕೆ ಬರೆದು, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ನಾನು ಇನ್ನೂ ಬಾಗಿಲು ತಟ್ಟಿರಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ. ಸೋಮವಾರ ಆಂಟಿ ಸಹಿ ಮಾಡಿದ ಕಾಗದ ಕೈಯಲ್ಲಿತ್ತು, ಹಳ್ಳಿಯ ಕಚೇರಿಯಲ್ಲಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಇನ್ನು ಭಾಷೆ. ನಾನು ಊರಲ್ಲಿ ಬಿ-1, ಅಂದರೆ ನಡುಮಟ್ಟದವರೆಗೆ ಕಲಿತು ಹೋಗಿದ್ದೆ. ಆದರೆ ಅದು ಪುಸ್ತಕದ ಜರ್ಮನ್. ಆಶ್ರಮದ ಅಜ್ಜ ಅಜ್ಜಿಯರು ಆಡುವುದು ಶ್ವೇಬಿಷ್, ಆ ಸೀಮೆಯ ಮಾತು. ಪುಸ್ತಕದಲ್ಲಿ 'ಹೇಬನ್' ಅಂದರೆ ಎತ್ತುವುದು. ಹಾಸ್ಟೆಲ್‌ನಲ್ಲಿದ್ದಾಗ ಒಂದು ಬೆಳಿಗ್ಗೆ ಮಂಚದ ಅಂಚಿಗೆ ಕೂತಿದ್ದ ಒಬ್ಬ ಅಜ್ಜಿ 'ಹೇಬ್ ಮಿ' ಎಂದರು. ನಾನು ಎರಡೂ ಕಂಕುಳಿಗೆ ಕೈ ಹಾಕಿ ಎತ್ತಲು ಹೋದೆ. ಅಜ್ಜಿ ಗಾಬರಿಯಾಗಿ ಕೂಗಿಕೊಂಡರು, ಮೈಯೆಲ್ಲಾ ನಡುಗುತ್ತಿತ್ತು. ಏನು ತಪ್ಪಾಯಿತು ಎಂದು ಎಷ್ಟೋ ದಿನ ನನಗೆ ತಿಳಿಯಲೇ ಇಲ್ಲ.

ತಿಳಿದಿದ್ದು ಹಳ್ಳಿ ಮನೆಯ ಅಡುಗೆಮನೆಯಲ್ಲಿ. ಆಂಟಿ ಹಿಟ್ಟಿನ ಬೋಗುಣಿ ನನ್ನ ಕೈಗೆ ಕೊಟ್ಟು 'ಹೇಬ್ ಮೋಲ್' ಎಂದರು. ಎತ್ತಬೇಕಾ ಎಂದು ನಾನು ನೋಡುತ್ತಿದ್ದರೆ, ಅವರು ನನ್ನ ಬೆರಳುಗಳನ್ನೇ ಬೋಗುಣಿ ಸುತ್ತ ಒತ್ತಿ ತೋರಿಸಿದರು. ಹಿಡ್ಕೋ! ಶ್ವೇಬಿಷ್‌ನಲ್ಲಿ 'ಹೇಬ' ಅಂದರೆ ಹಿಡಿದುಕೋ. ಆ ಅಜ್ಜಿಗೆ ಬೇಕಿದ್ದದ್ದು ನಿಲ್ಲುವಾಗ ಒಂದು ಆಸರೆ ಕೈ, ಅಷ್ಟೇ. ಮರುದಿನ ಹೋಗಿ ಅವರ ಪಕ್ಕ ನಿಂತು ಕೈ ಚಾಚಿ 'ಹೇಬ?' ಎಂದೆ. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು ತಾವೇ ಎದ್ದು ನಿಂತರು.

ಟ್ಯೂಬಿಂಗನ್ ಧಾರವಾಡದವರಿಗೆ ತೀರಾ ಹೊಸ ಹೆಸರೇನಲ್ಲ. ನಮ್ಮೂರಿನ ಕಿಟೆಲ್ ಕಾಲೇಜಿಗೆ ಹೆಸರು ಕೊಟ್ಟ ಕಿಟೆಲ್ ಅವರು 1903ರಲ್ಲಿ ತೀರಿಕೊಂಡದ್ದು ಅಲ್ಲೇ. ನಿಮ್ಮ ದೇಶದ ಒಬ್ಬರು ನಮ್ಮ ಭಾಷೆಗೆ ಅಷ್ಟು ದೊಡ್ಡ ನಿಘಂಟು ಮಾಡಿದರು, 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು ಎಂದು ಒಂದು ರಾತ್ರಿ ಆಂಟಿಗೆ ಹೇಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಫ್ರಿಜ್ ಮೇಲೆ ಒಂದು ಹಾಳೆ. ಶ್ವೇಬಿಷ್ ಪದ ಒಂದು ಕಡೆ, ಪುಸ್ತಕದ ಜರ್ಮನ್ ಇನ್ನೊಂದು ಕಡೆ, ಕನ್ನಡಕ್ಕೆ ಖಾಲಿ ಜಾಗ. 'ಫೂಸ್' ಅಂದರೆ ಪುಸ್ತಕದಲ್ಲಿ ಪಾದ, ಅಲ್ಲಿ ಸೊಂಟದ ಕೆಳಗಿನ ಇಡೀ ಕಾಲು. 'ಟೆಪ್ಪಿಷ್' ಅಂದರೆ ಪುಸ್ತಕದಲ್ಲಿ ನೆಲದ ಜಮಖಾನ, ಅಲ್ಲಿ ಹೊದೆಯುವ ಕಂಬಳಿ. ಆಗಸ್ಟ್ ಹೊತ್ತಿಗೆ ಹಾಳೆ ನಾಲ್ಕಾಗಿದ್ದವು. ನಮ್ಮಲ್ಲೂ ಹೀಗೇ ಅಲ್ವಾ? ಧಾರವಾಡದವರು 'ಫೋನ್ ಹಚ್ಚು' ಎಂದರೆ ಮೈಸೂರಿನವರು ಒಂದು ಕ್ಷಣ ನಿಂತು ಯೋಚಿಸುತ್ತಾರೆ. ಕಾಲು ನೋವು ಎಂದವರಿಗೆ ಪಾದ ಒತ್ತಿ ಕಳಿಸಿದರೆ ಅದೆಂಥ ಸೇವೆ? ನಾನು ಕೆಲಸ ಕಲಿತದ್ದು ಆಶ್ರಮದಲ್ಲಿ ಅರ್ಧ, ಆ ಅಡುಗೆಮನೆಯಲ್ಲಿ ಇನ್ನರ್ಧ.

ಊಟದಲ್ಲಿ ಹಳ್ಳಿ ಮನೆಗೆ ನೂರಕ್ಕೆ ನೂರು ಅಂಕ ಕೊಡಲಾರೆ. ರಾತ್ರಿ ಒಲೆ ಹಚ್ಚುವ ಪದ್ಧತಿ ಇಲ್ಲ. ಬ್ರೆಡ್ಡು, ಬೆಣ್ಣೆ, ಚೀಸ್, ಸೌತೆಕಾಯಿ, ಎಲ್ಲಾ ತಣ್ಣಗೆ. ಬಿಸಿ ಅನ್ನ ಸಾರಿಗೆ ಒಗ್ಗಿದ ಹೊಟ್ಟೆಗೆ ಮೊದಲ ಎರಡು ವಾರ ಕಷ್ಟವೇ. ಆದರೆ ಆ ಸೀಮೆಯಲ್ಲಿ ಬೇಳೆ ತಿನ್ನುತ್ತಾರೆ! ಅಖಂಡ ಮಸೂರದ ಹಾಗಿರುವ ಕಾಳು ಬೇಯಿಸಿ, ವಿನೆಗರ್ ಹಾಕಿ, ಶ್ಪೆಟ್ಸ್‌ಲೆ ಎಂಬ ಮೊಟ್ಟೆ ಹಿಟ್ಟಿನ ಸೇವಿಗೆ ಜೊತೆ ಬಡಿಸುತ್ತಾರೆ. ಪಕ್ಕದ ಆಲ್ಬ್ ಬೆಟ್ಟದಲ್ಲಿ ಬೆಳೆಯುತ್ತಿದ್ದ ಹಳೇ ತಳಿ ಕಳೆದೇಹೋಗಿತ್ತು. 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಬೀಜ ಭಂಡಾರದಲ್ಲಿ ಸಿಕ್ಕಿ ಮತ್ತೆ ಬಿತ್ತಿದರು. ನಾನು ಅದಕ್ಕೆ ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಅಂಕಲ್ ಎರಡನೇ ಸಲ ಬಡಿಸಿಕೊಂಡರು. ಆಮೇಲೆ ಪ್ರತಿ ಶನಿವಾರ ಒಗ್ಗರಣೆ ನನ್ನ ಪಾಲಿಗೆ ಬಂತು.

ಬಸ್ಸು ನಿಜವಾದ ತೊಂದರೆ. ಭಾನುವಾರ ಮೊದಲ ಬಸ್ಸು ಬರುವುದೇ ಎಂಟೂ ನಲವತ್ತಕ್ಕೆ, ಪಾಳಿ ಆರೂವರೆಗೆ. ತಿಂಗಳಿಗೆ ಎರಡು ಭಾನುವಾರ ಅವರ ಮನೆಯ ಸೈಕಲ್ಲಿನಲ್ಲಿ 9 ಕಿಲೋಮೀಟರ್ ಹೋದೆ. ಹೋಗುವಾಗ ಇಳಿಜಾರು, ಏಪ್ರಿಲ್‌ನಲ್ಲಿ ದಾರಿಯುದ್ದಕ್ಕೂ ಸೇಬು, ಚೆರ್ರಿ ಮರ ಹೂ ಬಿಟ್ಟಿರುತ್ತವೆ. ಬರುವಾಗ ಏರು, ಉಸಿರು ಹೋಗುತ್ತದೆ. ರಾತ್ರಿ ಗೆಳೆಯರ ಜೊತೆ ಕೂತು ಬರುವುದಂತೂ ಆಗದ ಮಾತು.

ಮೆಟ್ಟಿಲು ಗುಡಿಸುವ ಸರದಿ, ಅಲ್ಲಿ 'ಕೇರ್‌ವೊಹೆ' ಎನ್ನುತ್ತಾರೆ, ವೇಗೇಯಲ್ಲಿ ಜಗಳಕ್ಕೆ ಬರುತ್ತಿತ್ತು. ಹಾಸ್ಟೆಲ್‌ನಲ್ಲಿ, ಹಳ್ಳಿ ಮನೆಯಲ್ಲಿ ಆ ತಲೆನೋವಿಲ್ಲ.

ದುಡ್ಡಿನ ವಿಷಯ. ಕೈಖರ್ಚು, ಊಟ ಸೇರಿ ನನ್ನ ಕೈಗೆ ತಿಂಗಳಿಗೆ 420 ಯೂರೊ ಬರುತ್ತಿತ್ತು. ಹಾಸ್ಟೆಲ್‌ನಲ್ಲಿ ಒಬ್ಬಳೇ ಅಡುಗೆ ಮಾಡಿಕೊಂಡು 180 ಖರ್ಚು. ವೇಗೇಯಲ್ಲಿ ಬಾಡಿಗೆಯ ಮೇಲಿನ 80 ಸೇರಿ 300 ದಾಟುತ್ತಿತ್ತು. ಹಳ್ಳಿ ಮನೆಯವರು ಊಟಕ್ಕೆಂದು 100 ತೆಗೆದುಕೊಂಡರು, ಅಷ್ಟೇ. ಬಸ್ಸು ರೈಲಿನ ಡಾಯ್ಚ್‌ಲಂಡ್ ಟಿಕೆಟ್ 2025ರಲ್ಲಿ ತಿಂಗಳಿಗೆ 58 ಯೂರೊ. ಟ್ಯೂಬಿಂಗನ್ ಇರುವ ರಾಜ್ಯದಲ್ಲಿ 27 ವರ್ಷದೊಳಗಿನ ಸ್ವಯಂಸೇವಕರಿಗೆ ಅದಕ್ಕಿಂತ ಅಗ್ಗದ ಯುವ ಟಿಕೆಟ್ ಇದೆ, ಕೇಳಿ ತೆಗೆದುಕೊಳ್ಳಿ. ಹಳ್ಳಿಯಲ್ಲಿ ಉಳಿಸಿದ ದುಡ್ಡಲ್ಲೇ ಜುಲೈನಲ್ಲಿ ಬರ್ಲಿನ್ ನೋಡಿ ಬಂದೆ.

ನಾನು ಹತ್ತಕ್ಕೆ ಮಲಗಿ ಐದಕ್ಕೆ ಏಳುವವಳು, ಮಾಂಸ ತಿನ್ನುವುದಿಲ್ಲ, ದಿನಕ್ಕೊಂದು ಗಂಟೆಯಾದರೂ ಯಾರ ಜೊತೆಗಾದರೂ ಮಾತಾಡದಿದ್ದರೆ ನನಗಾಗುವುದಿಲ್ಲ. ಹಾಗಾಗಿ ಹಳ್ಳಿ ಮನೆ. ರಾತ್ರಿ ತಿರುಗಾಟ ಇಷ್ಟಪಡುವವರು, ಆಗಲೇ ಜರ್ಮನ್ ಚೆನ್ನಾಗಿ ಬರುವವರು ವೇಗೇಗೆ ಹೋಗಬಹುದು. ಹಾಸ್ಟೆಲ್ ಮೊದಲ ಒಂದು ತಿಂಗಳಿಗೆ ಸಾಕು.

ಎಲ್ಲಿಗೇ ಹೋಗಿ, ಒಪ್ಪಿಕೊಳ್ಳುವ ಮೊದಲು ಎರಡು ಮಾತು ಕೇಳಿ. ನೋಂದಣಿಯ ಕಾಗದಕ್ಕೆ ಸಹಿ ಮಾಡುತ್ತೀರಾ? ಅಂಚೆ ಪೆಟ್ಟಿಗೆ ಮೇಲೆ ನನ್ನ ಹೆಸರು ಹಾಕುತ್ತೀರಾ? ಹೂಂ ಎಂದರೆ, ಹಾಕಿದ ಮೇಲೆ ಒಂದು ಫೋಟೊ ಕಳಿಸಿ ಅನ್ನಿ. ಹೆಸರಿನ ಅಕ್ಷರಗಳು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇವೆಯಾ ಎಂದೂ ನೋಡಿಕೊಳ್ಳಿ.