ಡೊಂಪೆರಿಡೋನ್ 10 ಮಿ.ಗ್ರಾಂ: ದೀರ್ಘಕಾಲದ ಬಳಕೆಯ ವಿಮರ್ಶೆ

'ಗ್ಯಾಸ್ ಮಾತ್ರೆ' ಅಂದುಕೊಂಡು ನುಂಗಿದರೆ ನಿರಾಶೆ ಖಂಡಿತ. ಡೊಂಪೆರಿಡೋನ್ ಆಮ್ಲ ತಗ್ಗಿಸುವುದಿಲ್ಲ, ಕರುಳಲ್ಲಿ ಸೇರಿದ ಗಾಳಿಯನ್ನು ಓಡಿಸುವುದೂ ಇಲ್ಲ. ದೇಹದಲ್ಲೇ ಇರುವ ಡೋಪಮಿನ್ ಎಂಬ ರಾಸಾಯನಿಕ ಜಠರದ ಚಲನೆಗೆ ಹಾಕುವ ತಡೆಯನ್ನು ಇದು ತೆಗೆಯುತ್ತದೆ, ವಾಕರಿಕೆಯನ್ನು ತಗ್ಗಿಸುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಮಧ್ಯಾಹ್ನ ಉಂಡದ್ದು ಸಂಜೆಯಾದರೂ ಅಲ್ಲೇ ಕೂತಂತಿರುವುದು, ವಾಕರಿಕೆ: ಈ ಮೂರಕ್ಕೆ ಒಳ್ಳೆಯ ಅಂಕ ಕೊಡಬಹುದು. ಬರೀ ಎದೆಯುರಿಗೋ ಮಲಬದ್ಧತೆಗೋ ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಮಾತ್ರೆ ನಾಟಲಿಲ್ಲ ಎನ್ನುವವರು ಮೊದಲು ಗಡಿಯಾರ ನೋಡಬೇಕು. ಊಟಕ್ಕೆ 15ರಿಂದ 30 ನಿಮಿಷ ಮುಂಚೆ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅರ್ಧದಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುತ್ತದೆ. ಉಂಡ ಮೇಲೆ ನುಂಗಿದರೆ ಹೀರಿಕೆ ತಡವಾಗುತ್ತದೆ. ಇನ್ನೊಂದು ತಪ್ಪು, ಆಂಟಾಸಿಡ್ ಸಿರಪ್ ಜೊತೆಗೇ ಕುಡಿಯುವುದು. ಈ ಮಾತ್ರೆ ಚೆನ್ನಾಗಿ ಹೀರಿಕೆಯಾಗಲು ಜಠರದಲ್ಲಿ ಆಮ್ಲ ಇರಬೇಕು. ಮಾತ್ರೆ ಊಟಕ್ಕೆ ಮುಂಚೆ, ಸಿರಪ್ ಊಟದ ನಂತರ. ಒಂದು ಹೊತ್ತು ಮರೆತರೆ ಬಿಟ್ಟುಬಿಡಿ, ಮುಂದಿನ ಹೊತ್ತಿಗೆ ಎರಡು ನುಂಗಬೇಡಿ.

ನಿಜವಾದ ತೊಡಕು ಮಿಲಿಗ್ರಾಂ ಲೆಕ್ಕದಲ್ಲಿದೆ. ಹೃದಯದ ಬಡಿತ ಏರುಪೇರಾಗುವ ಅಪಾಯ ಕಂಡು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ವಯಸ್ಕರಿಗೆ ದಿನಕ್ಕೆ 30 ಮಿ.ಗ್ರಾಂ ಮಿತಿ ಹಾಕಿತು: 10ರ ಮಾತ್ರೆ ಮೂರು ಹೊತ್ತು, ಸಾಮಾನ್ಯವಾಗಿ ಒಂದು ವಾರ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಧಾರಾಳವಾಗಿ ಸಿಗುವ, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಜೊತೆಗಿನ ಕ್ಯಾಪ್ಸೂಲಿನಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಡೊಂಪೆರಿಡೋನ್ 30 ಮಿ.ಗ್ರಾಂ ಇರುತ್ತದೆ. ಅಂದರೆ ಬೆಳಿಗ್ಗೆ ಒಂದು ನುಂಗಿದರೆ ಇಡೀ ದಿನದ ಪಾಲು ಮುಗಿಯಿತು. ಸಂಜೆ ವಾಕರಿಕೆ ಅಂತ ಮತ್ತೊಂದು 10 ಸೇರಿಸಿದರೆ ಮಿತಿ ದಾಟಿತು. ಹೆಸರಿನ ಕೊನೆಗೆ 'ಡಿ' ಅಥವಾ 'ಡಿಎಸ್‌ಆರ್' ಕಂಡರೆ ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರ ಓದಿ, ಕೆಲವದರಲ್ಲಿ 10 ಮಾತ್ರ ಇರುತ್ತದೆ. 30ರ ಕ್ಯಾಪ್ಸೂಲನ್ನು ಬಿಚ್ಚಿ ಪುಡಿ ಮಾಡಬಾರದು. ಆಮ್ಲದ ಮಾತ್ರೆ ತಿಂಗಳುಗಟ್ಟಲೆ ಬೇಕಾದವರಿಗೆ ಡೊಂಪೆರಿಡೋನನ್ನೂ ಅಷ್ಟೇ ದಿನ ಜೋತುಹಾಕುವ ಈ ಜೋಡಿ ನನಗೆ ಸರಿ ಕಾಣುವುದಿಲ್ಲ.

ಅರವತ್ತು ದಾಟಿದವರು, ಹೃದ್ರೋಗವಿರುವವರು, ಪೊಟ್ಯಾಸಿಯಂ ಕಡಿಮೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್‌ಗಳು, ಕೀಟೊಕೊನಜೋಲ್, ಫ್ಲುಕೊನಜೋಲ್ ಎಂಬ ಶಿಲೀಂಧ್ರ ಸೋಂಕಿನ ಔಷಧಗಳ ಜೊತೆ ಬೇಡವೇ ಬೇಡ: ಇವು ಯಕೃತ್ತಿನಲ್ಲಿ ಡೊಂಪೆರಿಡೋನ್ ಕರಗುವುದನ್ನು ತಡೆಯುತ್ತವೆ. ಎಡವುವುದು ಇಲ್ಲೇ: ಜಠರದ ಎಚ್. ಪೈಲೋರಿ ಸೋಂಕಿಗೆ ಕೊಡುವ ಕೋರ್ಸಿನಲ್ಲಿ ಕ್ಲಾರಿಥ್ರೋಮೈಸಿನ್ ಇರುವುದು ಸಾಮಾನ್ಯ, ಅದೇ ರೋಗಿಯ ಮನೆಯಲ್ಲಿ ಹಳೆಯ ಡೊಂಪೆರಿಡೋನ್ ಸ್ಟ್ರಿಪ್ಪೂ ಬಿದ್ದಿರುತ್ತದೆ. ತಲೆಸುತ್ತಿ ಬಿದ್ದರೆ, ಎದೆ ಡವಡವ ಅಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು.

ಬಾಯಿ ಒಣಗುವುದು ಸಾಮಾನ್ಯ, ಸಹಿಸಬಹುದು. ದಿನಗಟ್ಟಲೆ ಮುಂದುವರಿಸಿದರೆ ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿ ಸ್ತನದಲ್ಲಿ ನೋವು, ಮೊಲೆಹಾಲು, ಮುಟ್ಟಿನ ಏರುಪೇರು ಕಾಣಿಸಬಹುದು. ಗಂಡಸರಿಗೂ ಎದೆ ಊದಬಹುದು, ಆದರೆ ಅದಕ್ಕೆ ಗ್ಯಾಸ್ಟ್ರಿಕ್ ಮಾತ್ರೆ ಕಾರಣವಿರಬಹುದೆಂದು ಹೊಳೆಯುವುದೇ ಕಷ್ಟ. ಕಪ್ಪು ಮಲ, ರಕ್ತವಾಂತಿ, ಕರುಳು ಕಟ್ಟಿದ ಲಕ್ಷಣ ಇದ್ದಾಗ ಇದನ್ನು ಕೊಡಲೇಬಾರದು.

ಬದಲಿಗಳಲ್ಲಿ ಮೆಟೊಕ್ಲೊಪ್ರಮೈಡ್ ಸುಲಭವಾಗಿ ಮಿದುಳಿಗೆ ನುಸುಳಿ ಕೈಕಾಲು, ಕುತ್ತಿಗೆ ಸೆಟೆಯುವಂತೆ ಮಾಡಬಲ್ಲದು. ಡೊಂಪೆರಿಡೋನ್ ಮಿದುಳಿಗೆ ಹೋಗುವುದು ತೀರಾ ಕಡಿಮೆ, ಇದರ ದೊಡ್ಡ ಗುಣ ಅದೇ. ಲೆವೊಸಲ್ಪಿರೈಡ್‌ನಿಂದ ವಯಸ್ಸಾದವರಲ್ಲಿ ಕೈನಡುಕ ಶುರುವಾಗಬಹುದು. ಸಿಸಾಪ್ರೈಡ್ ಹೃದಯದ ತೊಂದರೆಯಿಂದಾಗಿ ಭಾರತದಲ್ಲಿ 2011ರಲ್ಲೇ ನಿಷೇಧವಾಯಿತು. ಊಟಕ್ಕೆ ಮುಂಚೆ 50 ಮಿ.ಗ್ರಾಂನಂತೆ ಮೂರು ಹೊತ್ತಿನ ಇಟೊಪ್ರೈಡ್ ಯಕೃತ್ತಿನಲ್ಲಿ ಡೊಂಪೆರಿಡೋನಿಗಿಂತ ಬೇರೆ ದಾರಿಯಿಂದ ಕರಗುತ್ತದೆ, ಹಾಗಾಗಿ ಕ್ಲಾರಿಥ್ರೋಮೈಸಿನ್‌ನಂಥ ಔಷಧಗಳೊಡನೆ ಅಷ್ಟು ತಿಕ್ಕಾಟವಿಲ್ಲ. ಒಂದು ವಾರಕ್ಕಿಂತ ಹೆಚ್ಚು ಬೇಕಾಗುವವರು ವೈದ್ಯರ ಬಳಿ ಮೊದಲು ಇಟೊಪ್ರೈಡ್ ಬಗ್ಗೆ ಕೇಳಿ.