‘ಇಕ್ವೆಡಾರ್ ಪಿಂಕ್’ ಅಂತ ಹೇಳಿ ಗೆಲ್ಲು ಮಾರುವವರ ಬಗ್ಗೆ ಜಾಗ್ರತೆ, ನನಗಾದದ್ದು ಬೇರೆಯವರಿಗೆ ಆಗ್ಬಾರ್ದು

ಗಿಡದ ಗ್ರೂಪುಗಳಲ್ಲಿ ಇರುವವರೆಲ್ಲ ದಯಮಾಡಿ ಪೂರ್ತಿ ಓದಿ. ಏಂಜಲ್ಸ್ ಟ್ರಂಪೆಟ್ ಉಂಟಲ್ಲ, ಕೆಳಗೆ ಮುಖ ಮಾಡಿ ಉದ್ದುದ್ದ ನೇತಾಡುವ ಹೂ, ಬ್ರಗ್ಮ್ಯಾನ್ಸಿಯಾ, ಅದರಲ್ಲಿ ಪಿಂಕ್ ಬಣ್ಣದ್ದಕ್ಕೆ ಈಗ ಭಾರೀ ಡಿಮ್ಯಾಂಡು, ‘ಇಕ್ವೆಡಾರ್ ಪಿಂಕ್’ ಅಂದ್ರೆ ಅದರದ್ದೇ ಒಂದು ತಳಿ. ನೀವೊಂದು ಫೋಟೋ ಹಾಕಿದ್ರೆ ಸಾಕು, ನಿಮಿಷದಲ್ಲಿ ತಳಿಯ ಹೆಸರು ಹೇಳುವ ಜನ ಹುಟ್ಟಿಕೊಂಡಿದ್ದಾರೆ. ಹೆಸರು ಹೇಳಿ ಆಮೇಲೆ ಗೆಲ್ಲು ಮಾರುದು. ನಂಬ್ಬೇಡಿ. ನನ್ನ ಹತ್ರ ಚಾಟ್ ಎಲ್ಲ ಉಂಟು, ಒಂದೂ ಡಿಲೀಟ್ ಮಾಡಿಲ್ಲ.

ನಮ್ಮದು ಕಾಸರಗೋಡಿನ ಬದಿಯಡ್ಕ ಹತ್ರ. ಅತ್ತೆ ಮಡಿಕೇರಿ ಕಡೆಯಿಂದ ತಂದು ಬಾವಿಕಟ್ಟೆ ಪಕ್ಕ ಊರಿದ ಒಂದು ಗೆಲ್ಲು ಈಗ ಆಳೆತ್ತರ ದಾಟಿದ ಗಿಡ, ಪಿಂಕ್ ಹೂ, ಸಂಜೆ ಆದ್ರೆ ಅಂಗಳ ಇಡೀ ಪರಿಮಳ. ಹೆಸರು ಯಾರಿಗೂ ಗೊತ್ತಿಲ್ಲ. ಗೊತ್ತಾದ್ರೆ ಒಳ್ಳೇದು ಅಂತ ಗ್ರೂಪಲ್ಲಿ ಒಂದು ಫೋಟೋ ಹಾಕಿ ಕೇಳಿದೆ, ಅಷ್ಟೇ. ಕೂಡ್ಲೇ ಹೀಗೆ ಗೆಲ್ಲು ಮಾರುವ ಒಂದು ಜನದ ಮೆಸೇಜ್: "ಅಕ್ಕಾ ಇದು ಫ್ರಾಸ್ಟಿ ಪಿಂಕ್. 100 ಪರ್ಸೆಂಟ್." ಒಂದು ಪ್ರಶ್ನೆ ಕೇಳಿಲ್ಲ. ಹೂ ಅರಳಿದ ದಿನ ಬಣ್ಣ ಎಂತ ಇತ್ತು, ಬಿಳಿಯಾಗಿ ಅರಳಿ ಪಿಂಕ್ ಆದದ್ದಾ, ನೇರ ಕೆಳಗೆ ನೇತಾಡ್ತದಾ ಅಲ್ಲ ಸ್ವಲ್ಪ ಓರೆಯಾಗಿ ನಿಲ್ತದಾ, ಏನೂ ಇಲ್ಲ. ಮತ್ತೆ ಶುರು: "ನಿಮ್ಮಲ್ಲಿರುದು ಕಾಮನ್ ಅಕ್ಕಾ, ನನ್ನ ಹತ್ರ ಇಕ್ವೆಡಾರ್ ಪಿಂಕ್ ಉಂಟು, ಪಿಂಕ್ ಬ್ಯೂಟಿ ಉಂಟು, ಎರಡೂ ಇಂಪೋರ್ಟೆಡ್, ಎರಡೇ ಗೆಲ್ಲು ಬಾಕಿ." ಒಂದಕ್ಕೆ 650 ರೂಪಾಯಿ. ಮೇಲಿಂದ, ನಿಮ್ಮ ಗಿಡದ ನಾಲ್ಕು ಗೆಲ್ಲು ಕಳ್ಸಿ, ಕೊರಿಯರ್ ಚಾರ್ಜ್ ನಾನು ಬಿಡ್ತೇನೆ ಅಂತ. ಗಿಡ ಸಾಕುವವರಲ್ಲಿ ಹೀಗೆ ಕೊಡುದು ತಗೊಳ್ಳುದು ಇರುವುದೇ ಅಲ್ವಾ, ಕಳ್ಸಿದೆ, ದುಡ್ಡೂ ಹಾಕಿದೆ.

ಬಂದದ್ದು ಪೇಪರಲ್ಲಿ ಸುತ್ತಿದ ಎರಡು ಕಡ್ಡಿ, ಚೀಟಿ ಕಟ್ಟಿ. ಈ ಗಿಡ ಮೊದಲು ಒಂದೇ ಕಾಂಡವಾಗಿ ಮೇಲೆ ಹೋಗಿ ಒಂದು ಕಡೆ ವೈ ಆಕಾರದಲ್ಲಿ ಕವಲೊಡೀತದೆ, ಹೂ ಬಿಡುದು ಆ ಕವಲಿನ ನಂತರ. ಕವಲಿನ ಮೇಲಿನ ಗೆಲ್ಲು ನೆಟ್ರೆ ಬೇಗ ಹೂ, ಕೆಳಗಿಂದ ಕತ್ತರಿಸಿದ್ರೆ ಅದು ಪುನಃ ಎತ್ತರಕ್ಕೆ ಹೋಗಿ ಕವಲೊಡೆದು ಆಮೇಲೆ. ನನಗೆ ಕಳ್ಸಿದ್ದು ಕೆಳಗಿನದ್ದು. ಈಗ ಅರ್ಥ ಆಗ್ತದೆ ಯಾಕೆ ಅಂತ, ಹೂ ಬರುವಷ್ಟರಲ್ಲಿ ಯಾರೂ ದುಡ್ಡು ವಾಪಾಸ್ ಕೇಳುದಿಲ್ಲ. ಇಂಪೋರ್ಟೆಡ್ ಅಂತ ಒಂದು ಮಳೆಗಾಲ ಪೂರ್ತಿ ಚಟ್ಟಿ ಒಳಗೆ ಹೊರಗೆ ಹೊತ್ತಿದ್ದೇನೆ, ಬೇರು ಕೊಳೀಬಾರ್ದು ಅಂತ ಮಣ್ಣಿಗೆ ಹೊಯ್ಗೆ ಸೇರಿಸಿ, ಹುಳ ಹೆಕ್ಕಿ. ಪಿಂಕ್ ಬ್ಯೂಟಿ ಅಂತ ಬಂದದ್ದನ್ನು ವಿಟ್ಲದ ಅತ್ತಿಗೆಗೆ ಅಪರೂಪದ್ದು ಅಂತ ಪ್ರೀತಿಯಿಂದ ಕೊಟ್ಟೆ.

ಅತ್ತಿಗೆಯಲ್ಲಿ ಮೊದಲು ಹೂ ಆಯ್ತು. ಅವರಲ್ಲಿ ಪೂಜೆಗೆ ಹೋಗಿದ್ದಾಗ, ಅಷ್ಟು ಜನರ ಎದುರು, ಅವರು ಬೇಜಾರಿಂದ ಹೇಳಿದ್ದಲ್ಲ, ಸುಮ್ಮನೆ ಕೇಳಿದ್ದು: "ಇದು ನಿಮ್ಮ ಬಾವಿಕಟ್ಟೆಯ ಹೂವೇ ಅಲ್ವಾ?" ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ಅದೇ ಹೂ. ಅದೇ. ಒಂದು ಹೂ ಕೊಯ್ದು ಮನೆಗೆ ತಂದೆ, ನನ್ನ ‘ಇಕ್ವೆಡಾರ್’ ಕೂಡ ಆ ವಾರವೇ ಅರಳಿತ್ತು, ಬಾವಿಕಟ್ಟೆಯದ್ದೂ ಸೇರಿ ಮೂರೂ ಹೂ ಸಾಲಾಗಿ ಇಟ್ಟು ಉದ್ದಕ್ಕೆ ಸೀಳಿ ನೋಡಿದೆ.

ಬಣ್ಣ ಬಿಡಿ, ಬಣ್ಣ ಸೆಕೆಗೆ ಬಿಸಿಲಿಗೆ ಹೂವಿನ ಪ್ರಾಯಕ್ಕೆ ಬದಲಾಗ್ತದೆ, ಒಂದೇ ಗಿಡದಲ್ಲಿ ಇವತ್ತು ತಿಳಿ, ಮುಂದಿನ ಸರ್ತಿ ಗಾಢ. ನೋಡ್ಬೇಕಾದ್ದು ಬೇರೆ. ಇಕ್ವೆಡಾರ್ ಪಿಂಕ್ ಅಂದ್ರೆ ಈ ಗಿಡದ ವರ್ಸಿಕಲರ್ ಅನ್ನುವ ಜಾತಿಯದ್ದು. ಅದರ ಹೂ ನೆಟ್ಟಗೆ ಕೆಳಗೆ ನೇತಾಡ್ಬೇಕು, ತುಂಬ ಉದ್ದ, 30ರಿಂದ 50 ಸೆಂಟಿಮೀಟರ್ ವರೆಗೂ ಹೋಗ್ತದೆ, ಬುಡದ ಹಸಿರು ಟೊಪ್ಪಿ ಒಂದೇ ಬದಿಯಲ್ಲಿ ಸೀಳಿರ್ತದೆ, ಒಳಗೆ ಕೇಸರದ ತುದಿಗಳು ಬಿಡಿ ಬಿಡಿ. ನನ್ನ ಮೂರೂ ಹೂವಿನಲ್ಲಿ ಹಸಿರು ಟೊಪ್ಪಿಗೆ ಹಲ್ಲು ಹಲ್ಲು, ಹೂ ಗಿಡದಲ್ಲಿ ಓರೆಯಾಗಿ ಬಾಗಿ ನಿಲ್ಲುದು, ಕೇಸರದ ತುದಿಗಳೆಲ್ಲ ಒಂದಕ್ಕೊಂದು ಅಂಟಿ ಒಂದೇ ಕಟ್ಟು. ಅದು ಸ್ವಾವಿಯೋಲೆನ್ಸ್ ಅನ್ನುವ ಬೇರೆ ಜಾತಿಯ ಲಕ್ಷಣ, ಆಗ್ನೇಯ ಬ್ರೆಜಿಲ್ ಮೂಲದ್ದು. ಎರಡು ಚೀಟಿಗೆ ಎರಡು ಹೆಸರು, ನನ್ನ ಗಿಡಕ್ಕೆ ಮೂರನೇ ಹೆಸರು, ಹೂ ಮಾತ್ರ ಒಂದೇ!

ಫೋಟೋ ಸಮೇತ ಕಳ್ಸಿದೆ. ಉತ್ತರ ನೋಡಿ. "ನಿಮ್ಮ ಕಾಸರಗೋಡಿನ ಸೆಕೆಗೆ ಚೇಂಜ್ ಆಗಿರ್ಬೇಕು ಅಕ್ಕಾ." ವರ್ಸಿಕಲರ್ ಬಂದದ್ದೇ ಇಕ್ವೆಡಾರಿನ ಗ್ವಾಯಾಕಿಲ್ ಕಡೆಯ ಬಿಸಿ ತಗ್ಗುಪ್ರದೇಶದಿಂದ, ಸೆಕೆ ಅದಕ್ಕೆ ಹೊಸತಾ? ಸೆಕೆಗೆ ಬಣ್ಣ ಮಾಸ್ಬಹುದು, ಕೇಸರ ಅಂಟಿಕೊಳ್ತದಾ? ಹಾಗೆಂದು ಕೇಳಿದ್ರೆ, "ಗೊಬ್ಬರ ಎಂತ ಹಾಕಿದ್ರಿ?" ಆಮೇಲೆ, "ನೀವೊಬ್ರೇ ಕಂಪ್ಲೇಂಟ್ ಮಾಡಿದ್ದು." ಆಮೇಲೆ ಬಂದದ್ದು ನನಗೆ ಈಗಲೂ ಜೀರ್ಣ ಆಗ್ಲಿಲ್ಲ: "ಗಿಡ ಬದುಕಿದೆ ಅಲ್ವಾ, ಪಿಂಕ್ ಹೂ ಬಂದಿದೆ ಅಲ್ವಾ, ಮತ್ತೆ ಎಂತ ಪ್ರಾಬ್ಲಮ್?" ಪಿಂಕ್ ಹೂ ನನ್ನ ಮನೆಯಲ್ಲೇ ಇತ್ತು ಮಾರಾಯ್ರೇ. 650 ಕೊಟ್ಟದ್ದು ಹೆಸರಿಗೆ.

ಇಷ್ಟಕ್ಕೇ ಮುಗಿದಿದ್ರೆ ನಾನು ಇದನ್ನು ಬರೀತಿರ್ಲಿಲ್ಲ. ಒಂದು ದಿನ ಆ ಜನದ ಸ್ಟೇಟಸ್‌ನಲ್ಲಿ ಹೊಸ ಸ್ಟಾಕ್, ‘ಒರಿಜಿನಲ್ ಇಕ್ವೆಡಾರ್ ಪಿಂಕ್, ಮದರ್ ಪ್ಲಾಂಟ್’. ಫೋಟೋದಲ್ಲಿ ಹಿಂದೆ ನಮ್ಮ ಬಾವಿಯ ರಾಟೆ, ನೀಲಿ ಡ್ರಮ್ಮು. ನಾನು ಹೆಸರು ಕೇಳ್ಲಿಕ್ಕೆ ಹಾಕಿದ ಫೋಟೋ ಅದು! ನನ್ನ ಗಿಡ, ನನ್ನ ಫೋಟೋ, ಬಹುಶಃ ನಾನು ಕಳ್ಸಿದ ಗೆಲ್ಲುಗಳೇ. ಕೈ ನಡುಗ್ತಿತ್ತು ಮೆಸೇಜ್ ಮಾಡುವಾಗ. ಉತ್ತರ, "ಫೋಟೋ ರೆಫರೆನ್ಸ್‌ಗೆ ಮಾತ್ರ ಅಕ್ಕಾ," ಮತ್ತೆ ಬ್ಲಾಕ್.

ಈ ಗಿಡದಲ್ಲಿ ಇರುದು ಏಳು ಜಾತಿ, ಆದ್ರೆ ಅವುಗಳಲ್ಲಿ ಒಂದಕ್ಕೊಂದು ಕ್ರಾಸ್ ಮಾಡಿ ಆದ ತಳಿಗಳು ಲೆಕ್ಕ ಇಲ್ಲದಷ್ಟು, ಪಿಂಕ್ ಬಣ್ಣದ್ದೇ ರಾಶಿ. ಯಾರಿಂದ ಬಂತು ಅಂತ ಗೊತ್ತಿಲ್ಲದ ಗಿಡಕ್ಕೆ ಜಾತಿಯ ಅಂದಾಜು ಹೇಳ್ಬಹುದು, ತಳಿಯ ಹೆಸರನ್ನು ಒಂದು ಫೋಟೋದಿಂದ 100 ಪರ್ಸೆಂಟ್ ಅಂತ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ಹೇಳುವವ ಮಾರ್ಲಿಕ್ಕೆ ಬಂದವ.

ತಗೊಳ್ಳುವುದಿದ್ರೆ ಅರಳಿದ ದಿನದ್ದು ಮತ್ತೆ ಎರಡು ಮೂರು ದಿನ ಬಿಟ್ಟು ಅದೇ ಹೂವಿನ ಫೋಟೋ ಕೇಳಿ, ಬದಿಯಿಂದ ತೆಗೆದದ್ದು, ಹಸಿರು ಟೊಪ್ಪಿಯದ್ದು, ಸೀಳಿದ ಹೂವಿನದ್ದು ಕೇಳಿ, ಗೆಲ್ಲು ಕವಲಿನ ಮೇಲಿಂದ ಬೇಕು ಅಂತ ಬರವಣಿಗೆಯಲ್ಲಿ ಹೇಳಿಸಿ, ಅವರಿಗೆ ಯಾರಿಂದ ಸಿಕ್ಕಿದ್ದು ಕೇಳಿ. ಬೀಜ ಮಾರಿದ್ರೆ ಬೇಡ, ಬೀಜದಲ್ಲಿ ತಾಯಿಗಿಡದ ತಳಿ ಹಾಗೇ ಬರುದಿಲ್ಲ. ಮತ್ತೆ ಆ ಪಾರ್ಸೆಲಲ್ಲಿ ವಿಷದ ಬಗ್ಗೆ ಒಂದಕ್ಷರ ಇರ್ಲಿಲ್ಲ, ಅದೂ ನನಗೆ ಕೋಪ. ಎಲೆ ಹೂ ಬೀಜ ಎಲ್ಲದರಲ್ಲೂ ಸ್ಕೋಪಾಲಮಿನ್, ಅಟ್ರೋಪಿನ್ ಅನ್ನುವ ವಿಷ ಉಂಟು, ರಸ ತಾಗಿದ ಕೈಯಲ್ಲಿ ಕಣ್ಣು ಉಜ್ಜಿದ್ರೆ ಪಾಪೆ ದೊಡ್ಡದಾಗಿ ದೃಷ್ಟಿ ಮಂಜಾಗ್ತದೆ. ಹಟ್ಟಿ ಹತ್ರ, ಮಕ್ಕಳ ಕೈಗೆ ಸಿಗುವಲ್ಲಿ ನೆಡ್ಬೇಡಿ, ಗೆಲ್ಲು ಕಡಿದ ಮೇಲೆ ಕೈ ತೊಳೀರಿ.

ಆ ಜನ ಈಗ ಬೇರೆ ನಂಬರಿಂದ ಪುನಃ ಪೋಸ್ಟ್ ಹಾಕ್ತಿದ್ದಾರೆ, ಮಳೆ ಶುರು ಆಗುವ ಹೊತ್ತಲ್ವಾ, ಗೆಲ್ಲು ಹೋಗುವ ಸಮಯ. ರಾಟೆ, ನೀಲಿ ಡ್ರಮ್ಮು ಇರುವ ಫೋಟೋ ಯಾವ ಹೆಸರಲ್ಲಿ ಕಂಡ್ರೂ ಅದು ನಮ್ಮ ಗಿಡ, ದುಡ್ಡು ಹಾಕುವ ಮೊದಲು ನನಗೆ ಮೆಸೇಜ್ ಮಾಡಿ, ಒರಿಜಿನಲ್ ಫೋಟೋ ತಾರೀಕು ಸಮೇತ ಕಳಿಸ್ತೇನೆ.